ಹನ್ನೊಂದು ವರ್ಷ ಲೋಟ ತೊಳೆದದ್ದು

ಆ ಭಾನುವಾರ ಮಧ್ಯಾಹ್ನ ನಮ್ಮ ಸಭೆಯ ಅಯ್ಯನವರು ಬಂಟ್ವಾಳದ ನಮ್ಮ ಮನೆಯ ಚಾವಡಿಯಲ್ಲಿ ಕುಳಿತಿದ್ದರು. ಸಭೆ ಎಂದರೆ ನಮ್ಮ ಚರ್ಚು, ಅಯ್ಯನವರು ಎಂದರೆ ಪಾದ್ರಿಗಳು. ನಮ್ಮ ಕಡೆಯ ಪ್ರೊಟೆಸ್ಟಂಟ್ ಮನೆಗಳಲ್ಲಿ ಅವರನ್ನು ಕರೆಯುವುದೇ ಹಾಗೆ. ಎದುರಿಗೆ ನನ್ನ ಗಂಡ. ಅವರು ಸಭೆಯ ಹಿರಿಯರಲ್ಲೊಬ್ಬರು, ಮುಂದಿನ ತಿಂಗಳು ಯಾರ ಮನೆಯಲ್ಲಿ ಪ್ರಾರ್ಥನಾ ಕೂಟ ಎಂದು ಪಟ್ಟಿ ಬರೆಯುತ್ತಿದ್ದರು. ನಾನು ಚಾ ತಂದು ಸ್ಟೂಲಿನ ಮೇಲೆ ಇಡುವುದಕ್ಕೂ ಗೇಟಿನ ಹತ್ತಿರ ಒಬ್ಬ ಹೆಂಗಸು ಕೊಡೆ ಮಡಚುವುದಕ್ಕೂ ಸರಿಹೋಯಿತು. ಅರುವತ್ತು ದಾಟಿದವರು, ಬಿಳಿ ಸೀರೆ, ಭುಜದಲ್ಲಿ ಚೀಲ. ನನ್ನ ಹೆಸರು ಹೇಳಿ, ಇವರ ಮನೆ ಇದೇ ಅಲ್ಲವೇ ಎಂದು ಕೇಳಿದರು. ನನ್ನ ಗಂಡ ಹೌದೆಂದರು.

“ನಾನು ಮೂಡುಬಿದಿರೆಯಿಂದ ಬಂದದ್ದು. ಕಳೆದ ತಿಂಗಳು ನಮ್ಮ ಕೂಟದಲ್ಲಿ, ಪಾಪದಿಂದ ಬಿಡಿಸುವ ಯೇಸುವಿನ ರಕ್ಷಣೆ ಬೇಕು ಅಂತ ಇವರು ಕೈ ಎತ್ತಿದ್ರು. ಹೊಸ ವಿಶ್ವಾಸಿಗಳಿಗೆ ನಾಲ್ಕು ಪಾಠ ಉಂಟು, ಅದನ್ನು ಹೇಳಿಕೊಡುವ ಅಂತ. ಫೋನ್ ಮಾಡಿದ್ರೆ ತೆಗೀಲಿಲ್ಲ ಇವರು.”

ಅಯ್ಯನವರ ಕೈಯಲ್ಲಿದ್ದ ಬಿಸ್ಕತ್ತು ಮುರಿದು ಚಾದೊಳಗೆ ಬಿತ್ತು. ನನ್ನ ಗಂಡ ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. “ಹೊಸ ವಿಶ್ವಾಸಿಯಾ? ಯಾರು, ಇವಳಾ?”

ಆ ಹೆಂಗಸು ಚೀಲದಿಂದ ಒಂದು ಹಸಿರು ಚೀಟಿ ತೆಗೆದು ತೋರಿಸಿದರು. ಅಕ್ಷರ ನನ್ನದೇ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಟ್ಯೂಬಿನ ಮೇಲೆ ರೋಗಿಗಳ ಹೆಸರು ಬರೆದು ಬರೆದು ನನ್ನ ಅಕ್ಷರ ಚೌಕ ಚೌಕವಾಗಿದೆ, ಬೇರೆ ಯಾರದೋ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹೆಸರು, ವಿಳಾಸ, ಫೋನ್ ನಂಬರು. ಅದರ ಕೆಳಗೆ ಎರಡು ಚೌಕಗಳು. ಒಂದರ ಎದುರು ‘ಮೊದಲನೇ ಸಲ’ ಎಂದೂ ಇನ್ನೊಂದರ ಎದುರು, ಮೊದಲೇ ವಿಶ್ವಾಸಿಗಳಾದವರಿಗೆಂದು, ‘ಪುನಃ ಸಮರ್ಪಣೆ’ ಎಂದೂ ಅಚ್ಚು ಹಾಕಿತ್ತು. ನಾನು ಗುರುತು ಹಾಕಿದ್ದು ಮೊದಲನೇ ಸಲ ಎಂಬಲ್ಲಿ.

ನನಗೆ ಆಗ ಐವತ್ತೆರಡು ವರ್ಷ. ಮೂರು ತಿಂಗಳ ಮಗುವಿದ್ದಾಗ ದೀಕ್ಷಾಸ್ನಾನ ಆದವಳು, ಮುತ್ತಜ್ಜನ ಕಾಲದಿಂದ ಸಭೆಯ ಪಟ್ಟಿಯಲ್ಲಿ ಇರುವ ಮನೆಯವಳು, ಹತ್ತೊಂಬತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು. ಓದುವವರಿಗೆ ನಗು ಬಂದರೆ ಬರಲಿ, ಈಗ ನನಗೂ ಬರುತ್ತದೆ. ಆವತ್ತು ಮಾತ್ರ ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತ್ತು.

ಈ ಸಂಶಯದ ಕಾಯಿಲೆ ಶುರುವಾದದ್ದು ನನ್ನ ಹತ್ತನೇ ವಯಸ್ಸಿನಲ್ಲಿ. ಆಗ ನಾವು ಬೆಳ್ತಂಗಡಿಯಲ್ಲಿದ್ದೆವು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಹತ್ತು ದಿನದ ವೇದಪಾಠ, ಅಂದರೆ ಬೈಬಲ್ ಪಾಠ ಇರುತ್ತಿತ್ತು. ಹಾಡು, ಬಣ್ಣದ ಚಿತ್ರಗಳು, ಕೊನೆಗೆ ಅವಲಕ್ಕಿ ಮತ್ತು ಬಾಳೆಹಣ್ಣು. ಒಂಬತ್ತನೇ ದಿನ ಹೊರಗಿನಿಂದ ಬಂದ ಟೀಚರೊಬ್ಬರು, ನಿಜವಾಗಿ ರಕ್ಷಣೆ ಹೊಂದಿದವರಿಗೆ ಅದು ಆದ ದಿನ ಮತ್ತು ಗಂಟೆ ಗೊತ್ತಿರುತ್ತದೆ, ಹೇಳಲು ಬಾರದವರಿಗೆ ಅದು ಆಗಿಯೇ ಇಲ್ಲ ಎಂದರು. ನಂತರ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ನನ್ನ ಮುಂದಿದ್ದವಳು ‘ಕಳೆದ ವರ್ಷ ಮೇ ಹದಿನಾಲ್ಕು, ಸಂಜೆ ಐದು ಗಂಟೆ’ ಎಂದಳು. ನನಗೆ ಯಾವ ದಿನವೂ ಇರಲಿಲ್ಲ. ನನಗೆ ಬುದ್ಧಿ ತಿಳಿಯುವ ಮೊದಲೇ ಯೇಸು ನಮ್ಮ ಮನೆಯಲ್ಲಿದ್ದ, ಅಕ್ಕಿ ಡಬ್ಬಿಯ ಹಾಗೆ. ನಾನು ಗಾಬರಿಯಲ್ಲಿ ‘ನಿನ್ನೆ’ ಎಂದುಬಿಟ್ಟೆ. ಟೀಚರು ಸಂತೋಷಪಟ್ಟು ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು. ಆವತ್ತಿನ ಅವಲಕ್ಕಿಯನ್ನು ನಾನು ಪಕ್ಕದವಳಿಗೆ ಕೊಟ್ಟುಬಿಟ್ಟೆ. ರಕ್ಷಣೆಯ ಬಗ್ಗೆಯೇ ಸುಳ್ಳು ಹೇಳಿದವಳಿಗೆ ಎಲ್ಲಿಯ ರಕ್ಷಣೆ?

ಅಂದು ಸಂಜೆ ಬಚ್ಚಲಿನಲ್ಲಿ ನಿಂತು, ನಿಜವಾದ ದಿನ ಒಂದು ಇರಲಿ ಎಂದು, ಯೇಸುವೇ ನನ್ನನ್ನು ರಕ್ಷಿಸು ಎಂಬ ಪ್ರಾರ್ಥನೆ ಮಾಡಿದೆ. ಮರುದಿನ, ಅದನ್ನು ನಾನು ಮನಸ್ಸಿಟ್ಟು ಹೇಳಿದ್ದೆನೋ ಅಥವಾ ಹೆದರಿ ಹೇಳಿದ್ದೆನೋ ಎಂಬ ಸಂಶಯ ಹತ್ತಿತು. ಮತ್ತೊಮ್ಮೆ ಮಾಡಿದೆ. ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಪರೀಕ್ಷೆಯ ಮೊದಲು ಮಾಡಿದೆ, ಮದುವೆಯ ಹಿಂದಿನ ದಿನ ಮಾಡಿದೆ, ಹೆರಿಗೆ ನೋವಿನ ನಡುವೆಯೂ ಮಾಡಿದೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ತಿರುವು ತೆಗೆದುಕೊಳ್ಳುವಾಗಲೆಲ್ಲ ಮಾಡಿದ್ದೇನೆ. ಜೊತೆಗಿದ್ದವರು ನನಗೆ ವಾಂತಿ ಬರುತ್ತಿದೆ ಎಂದುಕೊಂಡು ನಿಂಬೆಹಣ್ಣು ಕೊಡುತ್ತಿದ್ದರು.

ಕೆಲಸವಾದರೂ ಬೇರೆ ಯಾವುದಾದರೂ ಸಿಕ್ಕಿದ್ದರೆ ಒಳ್ಳೆಯದಿತ್ತು. ನಾನು ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ರಿಪೋರ್ಟು ಬರೆಯುವುದು. ನಮ್ಮಲ್ಲಿ ನಿಯಮ ಒಂದೇ: ಸಂಶಯ ಬಂದರೆ ರಿಪೀಟ್. ಅಂಕಿ ನಂಬುವ ಹಾಗಿಲ್ಲದಿದ್ದರೆ ಹೊಸದಾಗಿ ರಕ್ತ ತೆಗೆದು ಮೊದಲಿನಿಂದ ಮಾಡಬೇಕು, ಹಳೆಯದನ್ನು ಚೆಲ್ಲಬೇಕು. ಈ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನವಳು ಇನ್ನೊಬ್ಬಳಿಲ್ಲ ಎಂದು ಡಾಕ್ಟರು ಹೊಗಳುತ್ತಿದ್ದರು. ಆತ್ಮಕ್ಕೂ ನಾನು ಅದೇ ನಿಯಮ ಹಚ್ಚಿದ್ದೆ ಎಂದು ಅವರಿಗೇನು ಗೊತ್ತು.

ಲ್ಯಾಬಿನಲ್ಲಿ ನನ್ನ ಜೊತೆಗಾರ್ತಿ ಒಬ್ಬಳು ಜೈನರವಳು, ಬಸದಿಯ ಹತ್ತಿರವೇ ಮನೆ. ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ, ಸಂಜೆಯ ಡ್ಯೂಟಿ ಇದ್ದರೆ ಐದೂವರೆಗೇ ಬುತ್ತಿ ಬಿಚ್ಚುತ್ತಾಳೆ. ಒಂದು ದಿನ ಅವಳ ಬುತ್ತಿಯ ಎದುರು ಕುಳಿತು ನಾನು ನನ್ನ ಸಂಕಟ ಸ್ವಲ್ಪ ಹೇಳಿಕೊಂಡೆ. ಅವಳು ಚಪಾತಿ ಸುರುಳಿ ಸುತ್ತುತ್ತಾ ಯೋಚಿಸಿದಳು.

“ನಮ್ಗೆ ಇನ್ನೂ ಎಷ್ಟೋ ಜನ್ಮ ಉಂಟು ಮಾರಾಯ್ತಿ, ನಿಧಾನ ಹೋದ್ರೂ ಆಗ್ತದೆ. ನಿಮ್ಗೆ ಇರುವುದು ಇದೊಂದೇ ಅಲ್ವಾ, ಹಾಗೆ ನಿನ್ಗೆ ಟೆನ್ಷನ್.”

ನಾವಿಬ್ಬರೂ ನಕ್ಕೆವು. ಆದರೆ ಸಿದ್ಧಕಟ್ಟೆಯ ಮೂಲಕ ಬರುವ ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಇದೊಂದೇ. ಅದರಲ್ಲಿ ಐವತ್ತು ವರ್ಷ ಕಳೆದೂ ಆಗಿತ್ತು.

ಈಗ ಲೋಟಗಳ ವಿಷಯ ಹೇಳಬೇಕು. ನಮ್ಮ ಸಭೆಯಲ್ಲಿ ತಿಂಗಳ ಮೊದಲನೇ ಭಾನುವಾರ ಕರ್ತನ ಭೋಜನ, ಯೇಸು ಶಿಷ್ಯರೊಂದಿಗೆ ಮಾಡಿದ ಕೊನೆಯ ಊಟದ ನೆನಪಿಗೆ. ರೊಟ್ಟಿಯ ಸಣ್ಣ ಚೌಕ ತುಂಡುಗಳು, ಹೆಬ್ಬೆರಳಿನಷ್ಟಿರುವ ಗಾಜಿನ ಲೋಟಗಳಲ್ಲಿ ದ್ರಾಕ್ಷಿ ರಸ. ಹಿಂದಿನ ದಿನ, ಶನಿವಾರ ಸಂಜೆ, ಸಿದ್ಧತೆಯ ಆರಾಧನೆ ಇರುತ್ತದೆ. ಅಲ್ಲಿ ಪ್ರತಿಯೊಬ್ಬರೂ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಬೇಕು, ಮರುದಿನ ಭೋಜನಕ್ಕೆ ಬರುವವರ ಹೆಸರನ್ನು ಹಿರಿಯರು ಪುಸ್ತಕದಲ್ಲಿ ಬರೆಯುತ್ತಾರೆ. ನನ್ನ ಅಜ್ಜನ ಕಾಲದ ಪದ್ಧತಿ, ಬೇರೆ ಸಭೆಗಳಲ್ಲಿ ಬಿಟ್ಟಿದ್ದಾರೆ, ನಾವು ಬಿಟ್ಟಿಲ್ಲ.

ಹಸಿರು ಚೀಟಿಯ ಆ ಭಾನುವಾರಕ್ಕೆ ಹನ್ನೊಂದು ವರ್ಷ ಮೊದಲು, ಆಗಿದ್ದ ಹಳೆಯ ಅಯ್ಯನವರು ಒಂದು ಶನಿವಾರ, ಅಯೋಗ್ಯವಾಗಿ ತಿಂದು ಕುಡಿಯುವವನು ತನ್ನ ಮೇಲೆ ತಾನೇ ದಂಡನೆ ತಂದುಕೊಳ್ಳುತ್ತಾನೆ ಎಂದು ಪ್ರಸಂಗ ಮಾಡಿದರು. ಅಂಥ ವಾಕ್ಯ ವೇದದಲ್ಲಿದೆ, ಅದನ್ನು ನಾನು ಮೊದಲೂ ಕೇಳಿದ್ದೆ. ಆದರೆ ಆವತ್ತು ಅದು ನನ್ನೊಬ್ಬಳಿಗೇ ಹೇಳಿದ ಹಾಗಿತ್ತು. ಮರುದಿನ ವೇದಿಕೆಯ ಮುಂದೆ ಮೊಣಕಾಲೂರಿದೆ. ಅಯ್ಯನವರು ನನ್ನಿಂದ ಮೂರು ಜನ ಆಚೆಗೆ ಬಂದಾಗ ನನ್ನ ಕೈ ನಡುಗತೊಡಗಿತು. ನನಗೆ ರಕ್ಷಣೆ ಆಗಿಯೇ ಇಲ್ಲದಿದ್ದರೆ ಇದನ್ನು ಮುಟ್ಟುವುದು ಹೇಗೆ? ಕೆಮ್ಮು ಬಂದವಳ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು, ಪಾದ್ರಿಗಳು ನಿಲುವಂಗಿ ತೊಡುವ ಪಕ್ಕದ ವೆಸ್ಟ್ರಿ ಕೋಣೆಗೆ ಹೋದೆ. ಅಲ್ಲಿ ಮೊದಲ ಸಾಲಿನವರು ಕುಡಿದಿಟ್ಟ ಲೋಟಗಳಿದ್ದವು. ಸುಮ್ಮನೆ ನಿಲ್ಲಲಾಗದೆ ಅವನ್ನು ತೊಳೆದೆ.

ಆರಾಧನೆ ಮುಗಿದ ಮೇಲೆ ಎಲ್ಲರೂ ನನ್ನನ್ನು ಹೊಗಳಿದರು. ಎಷ್ಟು ಜವಾಬ್ದಾರಿ, ಹೇಳದೆಯೇ ಕೆಲಸ ಮಾಡುತ್ತಾಳೆ ಎಂದರು. ಮುಂದಿನ ತಿಂಗಳಿನಿಂದ ಅದು ನನ್ನದೇ ಕೆಲಸವಾಯಿತು. ವರ್ಷ ತಿರುಗುವುದರೊಳಗೆ ದ್ರಾಕ್ಷಿ ರಸ ಮಾಡುವುದೂ ನನ್ನ ಪಾಲಿಗೆ ಬಂತು. ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಹತ್ತಿರ ಕಪ್ಪು ದ್ರಾಕ್ಷಿ ಕೊಳ್ಳುತ್ತಿದ್ದೆ, ತೊಳೆದು, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬುತ್ತಿದ್ದೆ. ಸಕ್ಕರೆ ಸಾಕೋ ಎಂದು ನಾಲಗೆಗೆ ಹಚ್ಚಿ ಕೂಡ ನೋಡುತ್ತಿರಲಿಲ್ಲ. ಭಾನುವಾರ ಮುಂದಿನ ಸಾಲಿನವರು ನಾನು ಕೊನೆಗೆ ತೆಗೆದುಕೊಳ್ಳುತ್ತೇನೆ ಎಂದುಕೊಂಡರು, ಕೊನೆಯ ಸಾಲಿನವರು ನಾನು ಮೊದಲೇ ತೆಗೆದುಕೊಂಡೆ ಎಂದುಕೊಂಡರು. ಪುಸ್ತಕದಲ್ಲಿ ಹೆಸರು ಬರೆಯುವವರು ನನ್ನ ಗಂಡ. ತಮ್ಮ ಹೆಸರಿನ ಕೆಳಗೆ ನನ್ನದನ್ನು ಕೇಳದೆಯೇ ಬರೆಯುತ್ತಿದ್ದರು. ಪುಸ್ತಕದ ಪ್ರಕಾರ ನಾನು ಒಂದೇ ಒಂದು ತಿಂಗಳು ತಪ್ಪಿಸಿಲ್ಲ.

ದೊಡ್ಡದೊಂದು ಪಾಪ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಅತ್ತು, ಹೇಳಿಕೊಂಡು, ಮುಗಿಸಿಬಿಡಬಹುದಿತ್ತು. ನನ್ನದು ಅಂಥದ್ದೇನಲ್ಲ. ನನಗಿದ್ದದ್ದು ಒಂದೇ ಪ್ರಶ್ನೆ: ನಾನು ಯೇಸುವಿನವಳು ಹೌದೋ ಅಲ್ಲವೋ? ಅದನ್ನು ಸಭೆಯಲ್ಲಿ ಯಾರಲ್ಲಿ ಕೇಳುವುದು? ಅದೇ ಪ್ರಶ್ನೆಗೆ ಉತ್ತರವನ್ನು ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ.

ಹೀಗಿರುವಾಗ ಆ ಕೂಟ. ಮೂಡುಬಿದಿರೆಯಲ್ಲಿ ಒಂದು ಹಾಲ್‌ನಲ್ಲಿ ಮೂರು ಸಂಜೆ ನಡೆಯಿತು. ಎರಡನೇ ಸಂಜೆ ಮನೆಗೆ ಹೋಗುವ ಬಸ್ಸು ತಡವಾದ್ದರಿಂದ ನಾನು ಅಲ್ಲಿಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತೆ. ಪ್ರಸಂಗ ಮಾಡಿದವರು, ಇವತ್ತು ನೀವು ಮನೆಗೆ ಹೋಗುವ ಬಸ್ಸು ಬಿದ್ದರೆ ನಿಮ್ಮ ಗತಿ ಏನು ಎಂದು ಕೇಳಿದರು. ದಿನಕ್ಕೆರಡು ಸಲ ಬಸ್ಸಿನಲ್ಲಿ ಓಡಾಡುವವಳಿಗೆ ಕೇಳಬೇಕಾದ ಪ್ರಶ್ನೆಯೇ ಅದು? ಎಲ್ಲರೂ ಕಣ್ಣು ಮುಚ್ಚಿ, ಬೇಕಾದವರು ಕೈ ಎತ್ತಿ ಎಂದರು. ನನ್ನ ಕೈ ತಾನಾಗಿಯೇ ಎದ್ದಿತು. ಚೀಟಿ ಕೊಟ್ಟಾಗ ಲ್ಯಾಬಿನ ಬುದ್ಧಿ ಓಡಿಸಿದೆ. ಹಿಂದಿನವೆಲ್ಲ ಸರಿಯಾಗಿದ್ದರೆ ಇದರಿಂದ ನಷ್ಟವಿಲ್ಲ. ಸರಿಯಾಗಿಲ್ಲದಿದ್ದರೆ ಇದೇ ಮೊದಲನೆಯದು. ಮೊದಲನೇ ಸಲ ಎಂದು ಗುರುತು ಹಾಕಿದೆ. ಪ್ರಾರ್ಥನೆಯ ಚೀಟಿಯಲ್ಲಿ ಸುಳ್ಳು ವಿಳಾಸ ಕೊಡಬಾರದೆಂದು ಮನೆಯ ಹೆಸರಿನ ತನಕ ಸರಿಯಾಗಿ ಬರೆದೆ.

ಅದರ ಫಲ ಈಗ ಗೇಟು ದಾಟಿ ಚಾವಡಿಯಲ್ಲಿ ಕುಳಿತು ನಾನು ಕೊಟ್ಟ ಚಾ ಕುಡಿಯುತ್ತಿತ್ತು. ಆ ಹೆಂಗಸು ಕೆಟ್ಟವರಲ್ಲ. ನಿವೃತ್ತ ನರ್ಸು, ಮಾತು ಮೆತ್ತಗೆ. ಗೋಡೆಯ ಮೇಲಿನ ವಾಕ್ಯದ ಚೌಕಟ್ಟು, ಎದುರಿಗೆ ಕುಳಿತಿದ್ದ ಪಾದ್ರಿಗಳು, ಇವೆಲ್ಲವನ್ನೂ ನೋಡಿ ಅವರಿಗೇ ಕಸಿವಿಸಿಯಾಯಿತು. ಮುಂದಿನ ಭಾನುವಾರ ಬರುತ್ತೇನೆ ಎಂದು ಎದ್ದರು. ಬೇಡ ಎನ್ನಲು ನನಗೆ ಧೈರ್ಯ ಬರಲಿಲ್ಲ.

ಅವರು ಹೋದ ಮೇಲೆ ಅಯ್ಯನವರು ನಿಧಾನವಾಗಿ, “ಎಂತ ಆಯ್ತು ಅಕ್ಕಾ?” ಎಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ನಮ್ಮ ಸಭೆಗೆ ಬಂದು ಎರಡು ವರ್ಷವಾಗಿತ್ತು. ನಾನು ಬಾಗಿಲಿಗೆ ಒರಗಿ ನಿಂತೇ ಎಲ್ಲವನ್ನೂ ಹೇಳಿದೆ, ಲೋಟಗಳ ವಿಷಯವನ್ನೂ. ಅಳು ಬಂತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಿಲ್ಲ.

ನನ್ನ ಗಂಡ ಪೆನ್ನಿನ ಮುಚ್ಚಳ ಹಾಕಿ ಪಟ್ಟಿಯನ್ನು ಮಡಚಿಟ್ಟರು. ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡುವ ಮನುಷ್ಯ, ಎಲ್ಲಿ ತಲೆಯಿಟ್ಟರೂ ನಿದ್ದೆ ಬರುವವರು. ರಕ್ಷಣೆಯ ಬಗ್ಗೆ ಕೇಳಿದರೆ ‘ಅದನ್ನು ಮೇಲಿನವನು ನೋಡಿಕೊಳ್ತಾನೆ’ ಎಂದು ಮುಗಿಸುವವರು. ಅವರ ಈ ನಿಶ್ಚಿಂತೆಯನ್ನು ಕಂಡರೆ ನನಗೆ ಎಷ್ಟೋ ಸಲ ಹೊಟ್ಟೆಕಿಚ್ಚಾಗಿದೆ. ಕೊನೆಗೆ ಅವರು ಹೇಳಿದ್ದು ಇಷ್ಟೇ: “ನಾನು ಪ್ರತಿ ತಿಂಗಳು ನಿನ್ನ ಹೆಸರು ಬರೀತಿದ್ದೆನಲ್ಲ. ನನ್ನ ಹತ್ರವಾದ್ರೂ ಹೇಳ್ಬಹುದಿತ್ತು.”

ಅಯ್ಯನವರು, ನಿಶ್ಚಯ ಎನ್ನುವುದು ನಮ್ಮ ಅನಿಸಿಕೆಯ ಮೇಲೆ ನಿಲ್ಲುವುದಿಲ್ಲ, ಕೊಟ್ಟ ಮಾತಿನ ಮೇಲೆ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದರು. ಸರಿಯಾಗಿಯೇ ಹೇಳಿದರು. ನಾನು ಅದನ್ನೇ ಇನ್ನೂ ಚೆನ್ನಾಗಿ ಆರನೇ ಕ್ಲಾಸಿನ ಮಕ್ಕಳಿಗೆ ಹೇಳಿದ್ದೇನೆ. ಗೊತ್ತಿರುವುದಕ್ಕೂ ಅದರ ಮೇಲೆ ಭಾರ ಬಿಟ್ಟು ಕೂರುವುದಕ್ಕೂ ನಡುವೆ ಒಂದು ದೂರ ಇದೆ, ನನಗೆ ಅದನ್ನು ದಾಟಲು ಆಗುತ್ತಿರಲಿಲ್ಲ.

ಇಷ್ಟೆಲ್ಲ ನಡೆಯುವಾಗ ಒಳಗಿನ ಕೋಣೆಯಲ್ಲಿ ನನ್ನ ಅಮ್ಮ ಇದ್ದಳು. ಬೆಳ್ತಂಗಡಿಯಿಂದ ಅವಳನ್ನು ನಾವು ಕರೆದುಕೊಂಡು ಬಂದು ಮೂರು ವರ್ಷವಾಗಿತ್ತು. ಅವಳ ನೆನಪು ಸೋರಿಹೋಗುತ್ತಿತ್ತು. ಮೊದಲು ಪಾತ್ರೆಗಳ ಹೆಸರು ಹೋಯಿತು, ಆಮೇಲೆ ಮೊಮ್ಮಕ್ಕಳ ಹೆಸರು. ಅಪ್ಪ ತೀರಿಕೊಂಡದ್ದು ಮರೆತು ದಿನಾ ಅವರಿಗಾಗಿ ಕಾದಳು, ನಂತರ ಅಪ್ಪನನ್ನೇ ಮರೆತಳು. ಹಾಡುಗಳು ಎಲ್ಲಕ್ಕಿಂತ ಹೆಚ್ಚು ದಿನ ಉಳಿದವು. ಆ ವರ್ಷ ಅವೂ ಹೋದವು. ನಾನು ಪ್ರಾರ್ಥನೆ ಮಾಡುವಾಗ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೆಲವು ದಿನ ನಾನು ಮಗಳು, ಕೆಲವು ದಿನ ಆಸ್ಪತ್ರೆಯವಳು.

ಮುಂದಿನ ಭಾನುವಾರ ಆ ನರ್ಸಮ್ಮ ಹೇಳಿದ ಸಮಯಕ್ಕೆ ಸರಿಯಾಗಿ ಬಂದರು. ಮೊದಲನೇ ಪಾಠದ ಹೆಸರೇ ರಕ್ಷಣೆಯ ನಿಶ್ಚಯ. ಅಮ್ಮನನ್ನು ನೋಡಿಕೊಳ್ಳಲು ಬರುವವಳಿಗೆ ಭಾನುವಾರ ರಜೆ, ಅಮ್ಮನನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ, ಆದ್ದರಿಂದ ಅವಳ ಮಂಚದ ಪಕ್ಕದಲ್ಲೇ ಕುಳಿತೆವು. ಪಾಠದ ನಡುವೆ ಅಮ್ಮ ಒದ್ದೆ ಮಾಡಿಕೊಂಡಳು. ನಾನು ಏಳುವ ಮೊದಲೇ ನರ್ಸಮ್ಮ ಪುಸ್ತಕ ಮಡಚಿಟ್ಟು ಎದ್ದರು. ಅಮ್ಮನನ್ನು ಮಗ್ಗುಲಿಗೆ ಹೊರಳಿಸಿ, ಬಟ್ಟೆ ಎಳೆದು, ಹೊಸದು ಹಾಸಿ, ಎರಡು ನಿಮಿಷದಲ್ಲಿ ಎಲ್ಲ ಮುಗಿಸಿದರು. ಆ ಕೈಗಳನ್ನು ನೋಡಿ ನನಗೆ ಅವರ ಮೇಲೆ ಗೌರವ ಹುಟ್ಟಿತು. ಆಮೇಲೆ ಅವರು ಅಮ್ಮನ ಗಲ್ಲ ಸವರಿ, ಅಭ್ಯಾಸಬಲದಿಂದ ಇರಬೇಕು, ತುಳುವಿನಲ್ಲಿ ಕೇಳಿದರು. ಕನ್ನಡದಲ್ಲಿ ಅದು ಹೀಗಾಗುತ್ತದೆ: “ಅಮ್ಮಾ, ನಿಮ್ಗೆ ರಕ್ಷಣೆ ಆಗಿದೆಯಾ? ನಿಶ್ಚಯ ಉಂಟಾ?”

ಅಮ್ಮ ನರ್ಸಮ್ಮನ ಬಾಯಿಯನ್ನೇ ನೋಡಿದಳು. ಅವಳಿಗೆ ಆ ಪದವೇ ಗೊತ್ತಾಗಲಿಲ್ಲ ಎಂದು ಕಣ್ಣು ಹೇಳುತ್ತಿತ್ತು. ಆಮೇಲೆ ನನ್ನ ಕಡೆ ಕೈ ತೋರಿಸಿ, “ನಂಗೆ ಗೊತ್ತಿಲ್ಲ. ಇವಳಿಗೆ ಗೊತ್ತುಂಟು, ಇವಳತ್ರ ಕೇಳಿ” ಎಂದಳು.

“ಆಗಿದೆ,” ಎಂದೆ ನಾನು.

ಅದು ಬಾಯಿಂದ ಹೊರಗೆ ಬಂದ ವೇಗ ನೋಡಿ ನನಗೇ ಆಶ್ಚರ್ಯವಾಯಿತು. ದಿನ ಕೇಳಲಿಲ್ಲ, ಗಂಟೆ ಕೇಳಲಿಲ್ಲ, ಮನಸ್ಸಿಟ್ಟು ಹೇಳಿದ್ದೋ ಹೆದರಿ ಹೇಳಿದ್ದೋ ಎಂದು ನೋಡಲಿಲ್ಲ. ನರ್ಸಮ್ಮ ತಲೆಯಾಡಿಸಿ ಪಾಠಕ್ಕೆ ಹಿಂತಿರುಗಿದರು. ನಾನು ಪಾಠ ಕೇಳಲಿಲ್ಲ.

ಇಲ್ಲಿಗೆ ನನ್ನ ಚಿಂತೆ ಮುಗಿಯಿತೆಂದು ತಿಳಿಯಬೇಡಿ, ನನ್ನಂಥವರ ಚಿಂತೆ ಅಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. ಆ ವಾರವಿಡೀ ಹೊಸದೊಂದು ಹುಳ ತಲೆಯೊಳಗೆ ಕೊರೆಯಿತು. ಆಗಿದೆ ಎಂದದ್ದು ಗೊತ್ತಿದ್ದೋ, ಪ್ರೀತಿಯಿಂದಲೋ? ಪ್ರೀತಿಯಿಂದ ರಿಪೋರ್ಟು ಬರೆದುಕೊಡಲಾಗುತ್ತದೆಯೇ? ಅಮ್ಮನ ಒಳಗೆ ಪ್ರಾರ್ಥನೆ ಇಲ್ಲ, ಪಶ್ಚಾತ್ತಾಪ ಇಲ್ಲ, ಯೇಸುವಿನ ಹೆಸರೂ ಇಲ್ಲ. ಮನುಷ್ಯನೊಳಗೆ ಹುಡುಕಿ ನೋಡಿದರೆ ಸಿಗಬೇಕಾದ ಒಂದು ಗುರುತೂ ಅವಳಲ್ಲಿ ಉಳಿದಿರಲಿಲ್ಲ. ಟ್ಯೂಬುಗಳ ಮೇಲೆ ಹೆಸರು ಬರೆಯುತ್ತಾ ಬರೆಯುತ್ತಾ ಅದೇ ಯೋಚನೆ. ಒಂದು ದಿನ ಒಬ್ಬರ ಹೆಸರನ್ನು ಇಬ್ಬರ ಟ್ಯೂಬುಗಳ ಮೇಲೆ ಬರೆದುಬಿಟ್ಟಿದ್ದೆ. ಜೊತೆಗಾರ್ತಿ ನೋಡಿ, “ಎಂತ ಆಗಿದೆ ನಿನ್ಗೆ? ಹೋಗಿ ಸ್ವಲ್ಪ ಕೂತ್ಕೋ” ಎಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು.

ಗುರುವಾರ ನನಗೆ ರಜೆ. ಹತ್ತು ಗಂಟೆಗೆ ಅಯ್ಯನವರು ಅಮ್ಮನಿಗೆ ಕರ್ತನ ಭೋಜನ ಕೊಡಲು ಮನೆಗೆ ಬರುವುದೆಂದು ನಿಶ್ಚಯವಾಗಿತ್ತು. ಕಾಯಿಲೆಯವರಿಗೆ ಹಾಗೆ ಮನೆಯಲ್ಲೇ ಕೊಡುವುದುಂಟು. ರೊಟ್ಟಿಯನ್ನೂ ರಸವನ್ನೂ ನಾನೇ ಸಿದ್ಧ ಮಾಡಿಟ್ಟಿದ್ದೆ. ಅಮ್ಮನಿಗೆ ಬೆಳಗ್ಗೆ ಸ್ನಾನ ಮಾಡಿಸಿ, ಜರಿಯಂಚಿನ ಬಿಳಿ ಸೀರೆ ಉಡಿಸಿ, ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದೆ. ನನ್ನ ಗಂಡ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಪಕ್ಕದಲ್ಲಿ ನಿಂತಿದ್ದರು. ಅಯ್ಯನವರು ಚೀಲದಿಂದ ಪೆಟ್ಟಿಗೆ ತೆಗೆದು, ಬಿಳಿ ಬಟ್ಟೆ ಹಾಸಿ, ಅಮ್ಮನ ಮುಖವನ್ನೊಮ್ಮೆ ನೋಡಿದರು. ನಂತರ ನನ್ನನ್ನು ಬಾಗಿಲ ಹತ್ತಿರ ಕರೆದರು.

“ಅಕ್ಕಾ, ಬೇಜಾರು ಮಾಡ್ಬೇಡಿ. ಅಮ್ಮನಿಗೆ ಇದು ಎಂತದು ಅಂತ ಗೊತ್ತಾಗ್ತದಾ? ತಮ್ಮನ್ನು ತಾವು ಪರೀಕ್ಷೆ ಮಾಡಿಕೊಳ್ಳದವರಿಗೆ ಕೊಡಬಾರದು ಅಂತ ಹಿರಿಯರಲ್ಲಿ ಒಬ್ಬಿಬ್ಬರು ಹೇಳ್ತಾರೆ. ನಿಮ್ಮ ಅಭಿಪ್ರಾಯ ಕೇಳುವ ಅಂತ.”

ನನಗೆ ಎಲ್ಲಿತ್ತೋ ಸಿಟ್ಟು. ಅಯ್ಯನವರಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ, ಅವರ ಮುಂದೆ ಕುರ್ಚಿಯಲ್ಲಿ ಕೂರುವುದೂ ಅಪರೂಪ. ಆವತ್ತು ದನಿ ಏರಿತು.

“ತನ್ನ ಹೆಸರೇ ಗೊತ್ತಿಲ್ಲದವಳು ಎಂತ ಪರೀಕ್ಷೆ ಮಾಡಿಕೊಳ್ಳುವುದು ಅಯ್ಯನವರೆ? ಎಂಬತ್ತು ವರ್ಷ ಯೇಸುವನ್ನು ಹಿಡ್ಕೊಂಡು ಬಂದವಳು. ಈಗ ಕೈ ಸೋತಿದೆ, ಬಿಟ್ಟಿದ್ದಾಳೆ. ಅವಳು ಬಿಟ್ರೆ ಅವನೂ ಬಿಡ್ತಾನಾ? ಅವಳು ಅವನನ್ನು ಮರ್ತಿದ್ದಾಳೆ, ಹೌದು. ಅವನು ಅವಳನ್ನು ಮರ್ತಿದ್ದಾನಾ?”

“ಇಲ್ಲ,” ಎಂದರು ಅಯ್ಯನವರು.

“ಮತ್ತೆ ಕೊಡಿ.”

“ಕೊಡ್ತೇನೆ. ನೀವು ಹೇಳಿದ್ದು ಸರಿ. ಅದು ನಿಮಗೂ ಸರಿಯೇ ಅಲ್ವಾ?”

“ನಂಗೆ ಬುದ್ಧಿ ಸರಿ ಉಂಟಲ್ಲ. ನಾನು ಪರೀಕ್ಷೆ ಮಾಡಿಕೊಳ್ಬೇಕು.”

“ಎಷ್ಟು ವರ್ಷದಿಂದ ಮಾಡ್ತಾ ಇದ್ದೀರಿ?”

ನಾನು ಹೋಗಿ ಅಮ್ಮನ ದಿಂಬು ಸರಿಪಡಿಸಿದೆ. ಅವರು ಒತ್ತಾಯ ಮಾಡಲಿಲ್ಲ. ಮಂಚದ ಹತ್ತಿರ ಬಂದು ಸಣ್ಣ ದನಿಯಲ್ಲಿ ಪ್ರಾರ್ಥನೆ ಓದಿದರು. ರೊಟ್ಟಿಯ ತಟ್ಟೆಯನ್ನು ಮೊದಲು ನನ್ನ ಗಂಡನ ಮುಂದೆ ಹಿಡಿದರು, ಅವರು ತೆಗೆದುಕೊಂಡರು. ನನ್ನ ಮುಂದೆ ಹಿಡಿದರು. ನಾನು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡೆ. ಈಗ ನನಗೆ ನಂಬಿಕೆ ಇದೆಯೇ ಎಂದು ಒಳಗೆ ಇಣುಕಿ ನೋಡಿದೆ, ಇಣುಕಿದಷ್ಟೂ ಕತ್ತಲೆ ಕಂಡಿತು. ಬೇಡವೆಂದು ತಲೆ ಅಲ್ಲಾಡಿಸಿದೆ. ಅಯ್ಯನವರು ಮುಂದೆ ಹೋಗಿ ಅಮ್ಮನ ಅಂಗೈಯಲ್ಲಿ ಒಂದು ತುಂಡು ಇಟ್ಟರು.

ಅಮ್ಮ ಅದನ್ನು ಬಾಯಿಗೆ ಹಾಕಲಿಲ್ಲ. ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು. ನನ್ನ ಗಂಡನ ಬಾಯಿ ಆಡುತ್ತಿರುವುದನ್ನು ನೋಡಿದಳು. ನನ್ನನ್ನು ನೋಡಿದಳು. ಆವತ್ತು ನಾನು ಅವಳಿಗೆ ಯಾರಾಗಿದ್ದೆನೋ ನನಗೆ ಗೊತ್ತಿಲ್ಲ, ಆದರೆ ಮುಖದ ಮೇಲೆ ಹಳೆಯ ಗದರಿಕೆ ಬಂದಿತು.

“ಇವಳಿಗೆ ಕೊಡ್ಲಿಲ್ಲ ನೀವು,” ಎಂದಳು ಅಯ್ಯನವರಿಗೆ.

“ಕೊಟ್ಟೆ ಅಮ್ಮಾ. ಅವರು ತಗೊಳ್ಳಲಿಲ್ಲ.”

“ತಗೊಳ್ಳುವುದಿಲ್ವಾ?” ಅಮ್ಮ ಕೈಯನ್ನು ನನ್ನ ಕಡೆ ಚಾಚಿದಳು. ಅದು ಅಲ್ಲಾಡುತ್ತಿತ್ತು, ರೊಟ್ಟಿಯ ಪುಡಿ ಸೀರೆಯ ಮೇಲೆ ಉದುರಿತು. “ಎಂತ ಹಠ ಇದು? ಬಾ ಇಲ್ಲಿ. ಬಾಯಿ ತೆರೆ.”

ಬೀಳುತ್ತದೆ ಎಂಬ ಗಾಬರಿಯಲ್ಲಿ ನಾನು ಬಗ್ಗಿದೆ. ಬಗ್ಗಿದ್ದೇ ತಡ ಅವಳ ಬೆರಳುಗಳು ನನ್ನ ತುಟಿಗೆ ತಾಗಿದವು. ರೊಟ್ಟಿ ಒಣಗಿತ್ತು, ಅಂಗುಳಿಗೆ ಅಂಟಿಕೊಂಡಿತು. ಅಮ್ಮ, ನಾನು ನುಂಗುತ್ತೇನೋ ಇಲ್ಲವೋ ಎಂದು ಗಂಟಲನ್ನೇ ನೋಡುತ್ತಿದ್ದಳು. ನುಂಗಿದೆ. ಆಗ ಅವಳಿಗೆ ಸಮಾಧಾನವಾಗಿ, ತನಗೂ ಬೇಕೆಂದು ಅಯ್ಯನವರ ಕಡೆ ಬಾಯಿ ತೆರೆದಳು.

ಹೆದರಿಕೆ ಬಿಟ್ಟುಹೋಗಿಲ್ಲ. ಆದರೂ ಈಗ ತಿಂಗಳಿಗೊಮ್ಮೆ ಎಲ್ಲರ ಜೊತೆ ಮೊಣಕಾಲೂರುತ್ತೇನೆ, ಕೈ ನಡುಗುತ್ತದೆ, ನಡುಗುವ ಕೈಯನ್ನೇ ಚಾಚುತ್ತೇನೆ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಆ ಗುರುವಾರ ನುಂಗಿದಾಗ ನನಗೆ ನಂಬಿಕೆ ಇತ್ತೇ ಎಂದು ಯಾರಾದರೂ ಕೇಳಿದರೆ ಇಂದಿಗೂ ನನ್ನ ಹತ್ತಿರ ಉತ್ತರವಿಲ್ಲ. ಬಾಯಿ ತೆರೆದಿದ್ದೆ. ಅದು ಮಾತ್ರ ನಿಶ್ಚಯ.